ಮಂಗಳಕ್ಕೆ ಬಾರದ ಆನೆ

ಯಡಿಯೂರು, ಶನಿವಾರ

ಮೂರೂ ಮಹಡಿಗಳ ಮಹಾಜನರೇ, ಮಾತೆಯರೇ, ಲಿಫ್ಟಿನಲ್ಲಿ ಎದುರಾಗುವ ಮಿತ್ರರೇ, ಈ ಮುದಿನಟನಿಗೆ ಕೊಂಚ ಕಿವಿಗೊಡಿ!

ಸೊಸೆ ವನಿತಾ ತೀರಿಕೊಂಡು ಎರಡು ತಿಂಗಳಾಯಿತು. ಆರು ವರ್ಷದ ಮೊಮ್ಮಗಳು ಪ್ರಕೃತಿ ಒಮ್ಮೆಯೂ ಅಳಲಿಲ್ಲ. "ಗಟ್ಟಿ ಮಗು" ಎಂದು ನೀವೆಲ್ಲ ಹೊಗಳಿದಿರಿ, ನಾನೂ ಎದೆಯುಬ್ಬಿಸಿದೆ.

ಇಂದು ಅವಳನ್ನು ಥಿಯೇಟರಿಗೆ ಕರೆದೊಯ್ದು ಒಂದು ಕಾರ್ಟೂನ್ ಸಿನಿಮಾ ತೋರಿಸಿದೆ. ಅದರಲ್ಲಿ ತಾಯಿ ಆನೆ ಸಾಯುತ್ತದೆ. ಮರಿ ಅತ್ತು ಅತ್ತು, ನಿಧಾನವಾಗಿ ಮತ್ತೆ ಆಡಲು ಕಲಿಯುತ್ತದೆ. ನಾನು ಗಳಗಳನೆ ಅತ್ತೆ. ದೀಪ ಹತ್ತಿ, ಕಸ ಗುಡಿಸುವವರು ಬಂದರೂ ಮಗು ಏಳಲಿಲ್ಲ.

"ಏಳಮ್ಮ, ಮುಗೀತು."

"ಇರು ತಾತ! ಅಮ್ಮ ಆನೆ ಇನ್ನೂ ನಮಸ್ಕಾರ ಮಾಡೋಕೆ ಬಂದಿಲ್ಲ. ನೀನು ಸತ್ತ ಮೇಲೆ ಬರ್ತೀಯಲ್ಲ, ಹಂಗೆ."

ನಾಟಕಗಳಲ್ಲಿ ನೂರಾರು ಸಲ ಸತ್ತು, ಕೊನೆಗೆ ಮಂಗಳ ಹಾಡುವಾಗ ಎದ್ದು ಬಂದು ಕೈಮುಗಿದವನು ನಾನು. ಮುಂದಿನ ಸಾಲಿನಲ್ಲಿ ಕೂತು ಅವಳು ಅದನ್ನೆಲ್ಲ ನೋಡಿದ್ದಾಳೆ.

"ನಮ್ಮಮ್ಮನೂ ಲೇಟು ಮಾಡ್ತಿದಾಳೆ," ಎಂದಳು.

ಮಹಾಜನರೇ, ರಾಜ್ಯೋತ್ಸವದ ನಾಟಕದಲ್ಲಿ ಸಾಯುವ ರಾಜನ ಪಾತ್ರವನ್ನು ಬೇರೆಯವರಿಗೆ ಕೊಡಿ. ಸಮಾಧಾನಕ್ಕೆಂದು ಯಾರೂ ಅವಳಿಗೆ "ಅಮ್ಮ ಬರ್ತಾಳೆ ಪುಟ್ಟಿ" ಎನ್ನಬೇಡಿ. ನಾಳೆ ನಮ್ಮ ಮನೆಯಿಂದ ಅಳು ಕೇಳಿಸಿದರೆ ದಯವಿಟ್ಟು ಬಾಗಿಲು ತಟ್ಟಬೇಡಿ.

ಅವಳಪ್ಪನಿಗೆ ಆ ಮಾತು ಬಾಯಿಗೆ ಬರುತ್ತಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ನಾನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದನಿ ಏರಿಸದೆ, ಅವಳಮ್ಮ ಇನ್ನು ಬರುವುದಿಲ್ಲ ಎಂದು ಹೇಳುತ್ತೇನೆ.

ನಿಮ್ಮವ,
ತಿರುಮಲೇಶ
ಎರಡನೇ ಮಹಡಿ