ಮರಳಲ್ಲಿ ಉಳಿದ ಚಪ್ಪಲಿ

ಅಣ್ಣಾ,

ಇವತ್ತು ಸಂಜೆ ಕೆಂಪು ಬಾವುಟ ನೆಟ್ಟು, ಸೀಟಿ ಊದಿ, ಎಲ್ಲರನ್ನೂ ನೀರಿನಿಂದ ಮೇಲೆ ಕಳಿಸಿದೆ. ಕಡಲತೀರದ ಈ ಕಾವಲು ಕೆಲಸಕ್ಕೆ ಸೇರಿದಾಗಿನಿಂದ ನನಗೊಂದು ಚಾಳಿ: ಜನ ಹೋದಮೇಲೆ ಮರಳಿನಲ್ಲಿ ಚಪ್ಪಲಿ ಹುಡುಕುತ್ತೇನೆ. ಇವತ್ತು ಒಂದು ಜೊತೆ ಉಳಿದಿತ್ತು, ನೀಲಿ ಹವಾಯಿ. ಮೈಕಿನಲ್ಲಿ ಎಷ್ಟು ಕೂಗಿದರೂ ಯಾರೂ ಬರಲಿಲ್ಲ. ಅಲೆಯೇ ಇಲ್ಲದೆ ಸಾಧುವಾಗಿ ಕಾಣುವ ಆ ಜಾಗವಿದೆಯಲ್ಲ, ಒಳಗೊಳಗೇ ಸೆಳೆಯುವುದು, ಅದನ್ನೇ ನೋಡುತ್ತಾ, ಜೊತೆಗಾರನ ಕೈಗೆ ಹಗ್ಗ ಕೊಟ್ಟು ಸೊಂಟದವರೆಗೆ ಇಳಿದೆ.

ಆಗ ದಡದಲ್ಲಿ ಒಬ್ಬ ಐಸ್‌ಕ್ರೀಮ್ ನೆಕ್ಕುತ್ತಾ ಬಂದ. "ಮೇಡಂ, ಅದು ನಂದೇ. ಮರೆತು ಬರಿಗಾಲಲ್ಲೇ ಹೋಗ್ಬಿಟ್ಟಿದ್ದೆ."

"ಕಿವಿ ಕೇಳಲ್ವೇನ್ರೀ? ಜೀವ ಬಾಯಿಗೆ ಬಂದಿತ್ತು!" ಎಂದು ಹಿಗ್ಗಾಮುಗ್ಗಾ ಬೈದೆ.

ಅವನು ನಕ್ಕ. "ಒಂದ್ ಚಪ್ಪಲಿಗೆ ಇಷ್ಟೊಂದಾ?"

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಬಂದ್ನಲ್ಲ, ಬಿಡು," ಎಂದಳು. ಎದ್ದು ಹೋಗಿ, ನೀನು ನೀರಿಗಿಳಿದ ಆ ದಿನ ನಾನು ದಡದಿಂದ ಎತ್ತಿ ತಂದಿದ್ದ ನಿನ್ನ ಚಪ್ಪಲಿಯನ್ನು ಮಳೆಯ ಎರಚಲು ತಾಗದಂತೆ ಬಾಗಿಲ ಹತ್ತಿರಕ್ಕೆ ಸರಿಸಿದಳು. ಅದರಲ್ಲಿನ ಮರಳನ್ನು ಕೊಡವಲು ನನ್ನನ್ನು ಇನ್ನೂ ಬಿಟ್ಟಿಲ್ಲ.