ರಸ್ತೆ ಪಕ್ಕದ ಎರಡು ಸಾಲು

ಗುರುಪುರ, ಹುಣಸೂರು ತಾಲ್ಲೂಕು
ಶನಿವಾರ, 21-9-2024

ನನ್ನ ಮೂಗಿನ ತುದಿ ಕೋಪದ ಮಗಳು ಶಾಂಭವಿಗೆ,

ಹೇಗಿದ್ದೀಯ? ಹೊಟ್ಟೆ ಉರಿ ಕಡಿಮೆಯಾಯಿತಾ? ಹಾಸ್ಟೆಲಿನಲ್ಲಿ ತಿಂಡಿ ಬಿಟ್ಟು ಬರೀ ಕಾಫಿ ಕುಡಿದುಕೊಂಡು ಓಡಾಡಬೇಡ. ಮೂರು ದಿನದಿಂದ ಫೋನ್ ಆಫ್ ಮಾಡಿಕೊಂಡು ಕೂತಿದ್ದೀಯಲ್ಲ, ಹೆತ್ತವಳ ಜೀವ ಏನಾಗುತ್ತದೆ ಅಂತ ಒಂದು ಚೂರಾದರೂ ಯೋಚನೆ ಬೇಡವಾ? ಅದಕ್ಕೇ ಮೈಸೂರಿಗೆ ಹೊರಟಿರುವ ಪಕ್ಕದ ಮನೆ ಕಂಠಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು ಅಂತ ಜಗುಲಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದಾನೆ.

ನಿಮ್ಮಪ್ಪ ಇನ್ನೂ ಸಿಟ್ಟಿನಲ್ಲೇ ಇದ್ದಾರೆ. "ಬೇರಿಗೆ ಬೂಷ್ಟು ಆಕ್ದೆ, ಹುಳ ಬಂದು ಎರಡು ಸಾಲು ಟೊಮ್ಯಾಟೊ ತಿಂದಾಯ್ತು. ನಿನ್ ಓದು ಸಾಕು ಬುಡು" ಅಂತ ಅವರು ಅಂದದ್ದು ತಪ್ಪು ಹೌದು. ನೀನೂ "ಎರಡು ಸಾಲು ಉಳೀತು, ಎರಡು ಹೋಯ್ತು, ಇದರಲ್ಲಿ ಏನೂ ಇಲ್ಲ ಕಣವ್ವ. ಸೋಮವಾರ ಗೈಡ್ ಮೇಡಂಗೆ ಹೇಳಿ ಬಿಟ್ಟುಬಿಡ್ತೀನಿ" ಅಂತ ಬ್ಯಾಗು ಎತ್ತಿಕೊಂಡು ಹೋದೆ. ನಾಳೆ ಬೆಳಗ್ಗೆ ನಾಲ್ಕೂ ಸಾಲಿಗೆ ಹುಳದ ಔಷಧಿ ಹೊಡೆಯಲು ನಿಮ್ಮಪ್ಪ ಪುಟ್ಟಮಲ್ಲಪ್ಪನ ಸ್ಪ್ರೇಯರ್ ತಂದಿಟ್ಟಿದ್ದಾರೆ. ಔಷಧಿ ಬಿದ್ದ ಮೇಲೆ ನೀನು ಬಂದು ನೋಡಲು ಏನು ಉಳಿಯುತ್ತದೆ?

ನಿನ್ನ ಓದಿನ ಪ್ರಯೋಗಕ್ಕೆ ಅಂತ ನಾಲ್ಕೂ ಸಾಲಿನ ಬೇರಿಗೆ ಬೂಷ್ಟು ಹಾಕಿ ನಾಟಿ ಮಾಡಿದ ದಿನ ನೀನು ಹೇಳಿದ್ದು ಮರೆತಿಲ್ಲ. ಆ ಬೂಷ್ಟಿನ ಎಳೆ ಮಣ್ಣೊಳಗೆ ಬೇರಿನಿಂದ ಬೇರಿಗೆ ಹಬ್ಬುತ್ತದೆ, ಸಾಲಿನ ಮೊದಲ ಗಿಡಕ್ಕೆ ಹುಳು ಬಿದ್ದರೆ ಎಳೆಯ ಮೂಲಕವೇ ಪಕ್ಕದ ಗಿಡಕ್ಕೆ ಸುದ್ದಿ ಮುಟ್ಟುತ್ತದೆ, ಹುಳು ಬರುವ ಮೊದಲೇ ಅದು ಎಲೆಯಲ್ಲಿ ಹುಳುವಿಗೆ ಒಗ್ಗದ ರಸ ತುಂಬಿಕೊಳ್ಳುತ್ತದೆ ಅಂದಿದ್ದೆ. ನಮ್ಮೂರ ಹೆಂಗಸರನ್ನೂ ಮೀರಿಸಿದವಲ್ಲೇ ನಿನ್ನ ಗಿಡಗಳು ಅಂತ ನಾನು ನಕ್ಕಿದ್ದೆ. "ಕಳೆ ಬೆಳೆದರೂ ಮಣ್ಣು ಕೆದಕಬೇಡ ಕಣವ್ವ, ಎಳೆ ತುಂಡಾಗ್ತದೆ. ಕುಡುಗೋಲಲ್ಲಿ ಮೇಲೆ ಮೇಲೆ ಕುಯ್ಯಿ" ಅಂತ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದೆ.

ಕಂಠಪ್ಪ ಎದ್ದೇಬಿಟ್ಟ. ಹೊತ್ತಿಗೆ ಸರಿಯಾಗಿ ಉಣ್ಣು. ನಂಜುಂಡೇಶ್ವರ ನಿನ್ನನ್ನು ಕಾಯಲಿ.

ನಿನ್ನ ದಾರಿ ನೋಡುತ್ತಿರುವ ಅವ್ವ,
ನೀಲಾಂಬಿಕೆ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಗೌರಿ ಹಬ್ಬದ ಹಿಂದಿನ ವಾರ ಕುಳ್ಳಮ್ಮ ರಸ್ತೆಯಲ್ಲಿ ನಿಂತು "ಏನ್ ನೀಲವ್ವ, ಈ ಸಲ ಕಳೆನೇ ಬೆಳೆ ಇಟ್ಟಿದ್ದೀಯಾ?" ಅಂತ ಹೋಗಿಬರುವವರೆದುರು ನಕ್ಕಳು. ಮಾನ ಹೋದಂತಾಯಿತು. ರಸ್ತೆಗೆ ಕಾಣುವ ಎರಡು ಸಾಲನ್ನೂ ಗುದ್ದಲಿಯಲ್ಲಿ ಕೊತ್ತಿ ಮಣ್ಣು ಕೆದಕಿಬಿಟ್ಟೆ. ಕುಡುಗೋಲಲ್ಲಿ ಕುಯ್ದೆ ಅಂತ ನಿನಗೆ ಹೇಳಿದ್ದು ಸುಳ್ಳು. ಹುಳು ತಿಂದದ್ದು ಆ ಎರಡೇ ಸಾಲು ಕಣೇ. ನಾನು ಮುಟ್ಟದ ಎರಡು ಸಾಲು ಇವತ್ತಿಗೂ ಹಸಿರಾಗಿವೆ. ಮೇಡಂಗೆ ಇದನ್ನೇ ಹೇಳು, ನನ್ನ ಹೆಸರು ಹಿಡಿದೇ ಹೇಳು. ನಿಮ್ಮಪ್ಪನಿಗೆ ಈಗಲೇ ಹೋಗಿ ಒಪ್ಪಿಕೊಳ್ಳುತ್ತೇನೆ, ಬೈದರೆ ಬೈಯಲಿ. ಸ್ಪ್ರೇಯರಿನ ನಾಜಲ್ ಬಿಚ್ಚಿ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ನಾಳೆ ಮೊದಲ ಬಸ್ಸಿಗೇ ಬಾ.