ಓಡದ ಮಣಿಗಳು

ಕುಂಬ್ರ, ಪುತ್ತೂರು
೧೨ ಜನವರಿ ೨೦೨೫

ಪ್ರೀತಿಯ ಮಗ ಶಾನವಾಝ್‌ಗೆ ಉಮ್ಮನ ಸಲಾಂ. ದಮ್ಮಾಮ್‌ನಲ್ಲಿ ಚಳಿ ಹೇಗುಂಟು, ನಿನ್ನ ಕೆಮ್ಮು ಹೋಯಿತಾ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಈ ಮನೆಯ ಉಳಿದವರ ಹಾಗೆಯೇ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನ್ ನಿನ್ನ ಉಪ್ಪನ ಕಿಸೆಯಲ್ಲಿರುತ್ತದೆ, ನೆರೆಯವರದ್ದು ಕೇಳಿದರೆ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ. ಇವತ್ತೇ ವಿಮಾನ ಹತ್ತುವ ಪಕ್ಕದ ಮನೆಯ ಅಫ್ರೀದ್‌ನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಬಟ್ಟೆ ಅಂಗಡಿ ಬಿಟ್ಟ ಮೇಲೆ ಉಪ್ಪ ಇಡೀ ದಿನ ನಮಾಝಿನ ಚಾಪೆಯಲ್ಲೇ ಕೂತಿರುತ್ತಿದ್ದದ್ದು ನಿನಗೆ ಗೊತ್ತು. ಊಟ ಅರ್ಧ, ಮಾತು ಕಾಲು. ದುನಿಯಾದ ಆಸೆ ಬಿಟ್ಟ ಮನುಷ್ಯ ಅಂತ ಊರವರು ಹೊಗಳಿದರು, ನೀನು ಗೆಳೆಯರ ಹತ್ತಿರ ಹೇಳಿಕೊಂಡೆ, ನಾನೂ ಬೀಗಿದೆ. ಮಸೀದಿಯ ಉಸ್ತಾದರು ಒಂದು ದಿನ ಬಂದು ಅವರ ಪಕ್ಕ ಸುಮ್ಮನೆ ಕೂತರು. ಹೋಗುವಾಗ ನನ್ನನ್ನು ಕರೆದು, "ಉಮ್ಮಾ, ಕೈಯಲ್ಲಿ ತಸ್ಬೀಹ್ ಸರ ಉಂಟು, ಮಣಿ ಓಡುದಿಲ್ಲ. ಇದು ದೇವರ ಇಬಾದತ್ ಅಲ್ಲ, ಕಾಯಿಲೆ. ಡಾಕ್ಟರಿಗೆ ತೋರಿಸಿ" ಅಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ನನಗೆ ಬೇಕಾಯಿತು.

ಸುಳ್ಯದ ಡಾಕ್ಟರಮ್ಮ ನಿದ್ದೆ, ಹಸಿವು ಎಲ್ಲ ವಿಚಾರಿಸಿ, ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ಮೆಲ್ಲಗೆ, "ಬದುಕುದೇ ಬೇಡ ಅನ್ನಿಸ್ತದಾ?" ಅಂದರು. ನನಗೆ ಸಿಟ್ಟು ಬಂತು. ಹಜ್ ಮಾಡಿ ಬಂದವರಿಗೆ ಕೇಳುವ ಪ್ರಶ್ನೆಯೇ ಅದು? ಉಪ್ಪ ತಲೆ ಎತ್ತಿ, "ಎರಡು ವರ್ಷದಿಂದ ಪ್ರತಿ ನಮಾಝಿನ ಮೇಲೆ ನಾನು ಕೇಳುದು ಒಂದೇ, ನನ್ನನ್ನು ಕರ್ಕೊಂಡು ಹೋಗು ಅಂತ" ಅಂದರು. ಮಗನೇ, ನಲವತ್ತಾರು ವರ್ಷ ಸಂಸಾರ ಮಾಡಿದವಳು ನಾನು. ನನಗೇ ಗೊತ್ತಾಗಿರಲಿಲ್ಲ. ಡಾಕ್ಟರಮ್ಮ ಮಾತ್ರ ಗಾಬರಿಯಾಗಲಿಲ್ಲ. ಇದು ವಯಸ್ಸಿಗೆ ಸಹಜ ಅಲ್ಲ, ಖಿನ್ನತೆ, ಗುಣವಾಗುತ್ತದೆ ಅಂದರು. ಮಾತ್ರೆ ಕೊಟ್ಟರು. ದಿನಾ ನಡೆಸಿ, ಒಬ್ಬರನ್ನೇ ಬಿಡಬೇಡಿ ಅಂದರು.

ಒಂದು ತಿಂಗಳು ಏನೂ ಬದಲಾಗಲಿಲ್ಲ. ಆರನೇ ವಾರ ಬೆಳಿಗ್ಗೆ ಅಂಗಳದಲ್ಲಿ ಗಲಾಟೆ ಕೇಳಿ ಓಡಿದೆ. ಉಪ್ಪ ಮೀನಿನವನ ಸ್ಕೂಟರ್ ನಿಲ್ಲಿಸಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. "ಇದು ಮೊನ್ನೆಯ ಮೀನು ಮಾರಾಯ, ನನಗೆ ಕಲಿಸುದು ಬೇಡ." ಅಂಗಡಿ ಕಾಲದ ಅದೇ ಗಂಟಲು. ಸುಬ್‌ಹಾನಲ್ಲಾಹ್ ಅಂತ ನಾನು ಮೆಟ್ಟಿಲಲ್ಲೇ ಕೂತುಬಿಟ್ಟೆ. ಒಂದು ಪ್ರಶ್ನೆ, ಒಂದು ಸಣ್ಣ ಬಿಳಿ ಮಾತ್ರೆ, ಅಷ್ಟರಿಂದ ಒಬ್ಬ ಮನುಷ್ಯ ಎಲ್ಲಿಂದಲೋ ತಿರುಗಿ ಬರುತ್ತಾನೆ ಅಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೀನು ನಿಜಕ್ಕೂ ತಾಜಾ ಇತ್ತು.

ಅಲ್ಲಾಹು ನಿನ್ನ ಹಸಿವು, ನಿದ್ದೆ, ಮನಸ್ಸು ಮೂರನ್ನೂ ಕಾಯಲಿ.

ನಿನ್ನ ಉಮ್ಮ,
ನಫೀಸಮ್ಮ

ಇಷ್ಟು ಬರೆದು ಮುಖ್ಯದ್ದೇ ಬಿಟ್ಟೆ: ಹೋದ ತಿಂಗಳು ಫೋನಿನಲ್ಲಿ ನೀನು, "ಸರಿಯಾಯ್ತಲ್ಲ ಉಪ್ಪಾ, ಇನ್ನು ಮಾತ್ರೆ ಎಂತಕ್ಕೆ, ದುಆ ಸಾಕು" ಅಂದೆ. ಅಂದಿನಿಂದ ಅವರು ಮಾತ್ರೆ ಮುಟ್ಟಿಲ್ಲ. ಇನ್ನೂ ಹಲವು ತಿಂಗಳು ತಾವಾಗಿ ನಿಲ್ಲಿಸಬಾರದು ಅಂತ ಡಾಕ್ಟರಮ್ಮ ಹೇಳಿದ್ದರು. ನಾನು ಹೇಳಿದರೆ ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾರೆ. ಇದನ್ನು ಓದಿದ ಕೂಡಲೇ ಫೋನ್ ಮಾಡು. ಇವತ್ತು ಬೆಳಿಗ್ಗೆ ನೋಡಿದೆ, ಮಣಿ ಪುನಃ ನಿಂತಿದೆ.